ಮಣ್ಣು ಹಾಕಿದವರು

ಮಾರ್ಚ್ ಮೂರು, ಮಂಗಳವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಮುದುಕಿ ಕುಳಿತುಕೊಳ್ಳಲು ಒಪ್ಪಲಿಲ್ಲ. ಕುರ್ಚಿ ಎಳೆದುಕೊಟ್ಟ ಮಹಿಳಾ ಕಾನ್‌ಸ್ಟೇಬಲ್ ಕಡೆ ಕಣ್ಣೆತ್ತಿಯೂ ನೋಡದೆ ನೇರವಾಗಿ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ಬಂದು ನಿಂತಳು. ಕೈಚೀಲದಿಂದ ಒಂದು ಗಾಜಿನ ಭರಣಿಯನ್ನು ತೆಗೆದು ಕಡತಗಳ ಮೇಲೆ ಇಟ್ಟಳು. ಭರಣಿಯಲ್ಲಿ ಅರ್ಧದಷ್ಟು ಹಸಿರು ಪುಡಿಯಿತ್ತು.

"ಇದರಲ್ಲಿ ವಿಷ ಇದೆ. ನನ್ನ ಮೊಮ್ಮಗಳಿಗೆ ದಿನಾ ತಿನ್ನಿಸಿದಾಳೆ, ಆ ಮಲತಾಯಿ."

ಇನ್‌ಸ್ಪೆಕ್ಟರ್ ಭರಣಿಯನ್ನು ಮುಟ್ಟಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮಲತಾಯಂದಿರ ಮೇಲಿನ ದೂರುಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಹತ್ತರಲ್ಲಿ ಒಂಬತ್ತು ಹೊಟ್ಟೆಯುರಿಯಲ್ಲಿ ಹುಟ್ಟಿ ಕಣ್ಣೀರಿನಲ್ಲಿ ಮುಗಿಯುವಂಥವು. ಆದರೆ ಮುದುಕಿ ಭರಣಿಯ ಪಕ್ಕದಲ್ಲಿ ಆಸ್ಪತ್ರೆಯ ಮುದ್ರೆಯಿದ್ದ ಒಂದು ಪತ್ರವನ್ನೂ ಇಟ್ಟಿದ್ದಳು. ಒಂಬತ್ತು ವರ್ಷದ ಹೆಣ್ಣುಮಗು. ಎರಡು ತಿಂಗಳಿಂದ ಹೊಟ್ಟೆನೋವು, ವಾಂತಿ, ಭಾನುವಾರ ಮಧ್ಯಾಹ್ನ ಫಿಟ್ಸ್. ರಕ್ತದಲ್ಲಿ ಸೀಸದ ಅಂಶ ಅರವತ್ತೆಂಟು. ಐದು ಇದ್ದರೂ ಹೆಚ್ಚು ಎಂದು ವೈದ್ಯೆ ಕೆಳಗೆ ಕೈಬರಹದಲ್ಲಿ ಸೇರಿಸಿದ್ದರು.

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ ಅರವತ್ತೊಂದು. ಬರೆದವರು ಠಾಣೆಯ ರೈಟರ್. ಮೂವತ್ತು ವರ್ಷ ಪೆನ್ನು ಹಿಡಿದ ಈ ಹೆಡ್ ಕಾನ್‌ಸ್ಟೇಬಲ್‌ನ ಭಾಷೆ ಇಡೀ ವಿಭಾಗದಲ್ಲೇ ಹೆಸರುವಾಸಿ. ಎಂಥ ಒರಟು ಮಾತನ್ನು ಕೊಟ್ಟರೂ ಅದಕ್ಕೆ ಇಸ್ತ್ರಿ ಹಾಕಿ ಮಡಚಿ ಕೊಡುವ ಕೈ ಅದು. ಮುದುಕಿ "ಆ ಮಾರಿ" ಎಂದದ್ದು ಅವರ ಕಾಗದದಲ್ಲಿ "ಸದರಿ ಆರೋಪಿತ ಮಹಿಳೆ" ಆಗಿತ್ತು.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಮಗು ಮಲಗಿತ್ತು. ವೈದ್ಯೆ ಇನ್‌ಸ್ಪೆಕ್ಟರನ್ನು ಹತ್ತಿರ ಕರೆದು, ಮಗುವಿನ ಕೆಳತುಟಿಯನ್ನು ಮೆಲ್ಲಗೆ ಎಳೆದು ತೋರಿಸಿದರು. ಒಸಡಿನ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಎಳೆದಂತೆ ಒಂದು ನೀಲಿಗಪ್ಪು ಗೆರೆ.

"ಒಂದೇ ಸಲ ಕೊಟ್ಟಿದ್ದಲ್ಲ ಇದು," ಎಂದರು ವೈದ್ಯೆ. "ದಿನಾ ಸ್ವಲ್ಪಸ್ವಲ್ಪವೇ ಒಳಗೆ ಹೋಗಿದೆ. ಎಲ್ಲಿಂದ ಅಂತ ನೀವು ಹುಡುಕಿಕೊಡಿ. ಅದು ಗೊತ್ತಾಗೋವರೆಗೆ ಮಗುನ ಮನೆಗೆ ಕಳಿಸಲ್ಲ. ಇನ್ನೊಂದು ಫಿಟ್ಸ್ ಬಂದ್ರೆ ಏನಾಗುತ್ತೆ ಅಂತ ನಾನು ಹೇಳಲಾರೆ."

ವಾರ್ಡಿನ ಬಾಗಿಲಲ್ಲಿ ಮಗುವಿನ ತಂದೆ ನಿಂತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಉಗುರಿನ ಸಂದಿಯ ಎಣ್ಣೆಮಸಿ ಇನ್ನೂ ಹೋಗಿರಲಿಲ್ಲ. ಅವನ ಎರಡನೆಯ ಹೆಂಡತಿ ಒಳಗಿರಲಿಲ್ಲ, ಮೆಟ್ಟಿಲ ಮೇಲೆ ಕುಳಿತಿದ್ದಳು. ಒಳಗೆ ಕಾಲಿಟ್ಟರೆ ಕಾಲು ಮುರಿಯುತ್ತೇನೆಂದು ತೀರಿಹೋದ ಮೊದಲ ಹೆಂಡತಿಯ ತಾಯಿಯಾದ ಆ ಮುದುಕಿ ಹೇಳಿದ್ದಳಂತೆ. ಗಂಡ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಮಧ್ಯಾಹ್ನ ಎರಡಕ್ಕೆ ಇಬ್ಬರು ಪಂಚರ ಸಮಕ್ಷಮ ಅವರ ಮನೆಯ ಅಡುಗೆಕೋಣೆಯ ಮಹಜರು ನಡೆಯಿತು. ಅಕ್ಕಿ, ಉಪ್ಪು, ನಲ್ಲಿನೀರು, ಗೋಡೆಯ ಬಣ್ಣದ ಚಕ್ಕೆ, ಎಲ್ಲವನ್ನೂ ಬೇರೆಬೇರೆ ಡಬ್ಬಿಗಳಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು. ಕಪಾಟಿನಲ್ಲಿ ಐದು ಖಾಲಿ ಪೊಟ್ಟಣಗಳು ನೀಟಾಗಿ ಮಡಚಿ ಇಡಲ್ಪಟ್ಟಿದ್ದವು. ಒಂದೊಂದರ ಮೇಲೂ ಕೈಬರಹದ ಚೀಟಿ: "ಒಂದೆಲಗದ ಪುಡಿ. ದಿನಕ್ಕೆ ಒಂದು ಚಮಚ." ಅಕ್ಷರಗಳು ವಾಲುತ್ತಿದ್ದವು, ಒಂದು ಚೀಟಿಯಲ್ಲಿ "ಚಮ" ಎಂದಷ್ಟೇ ಇತ್ತು.

ಸಂಜೆ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮೇಜಿನ ಈಚೆ, ಮಲತಾಯಿ ಆಚೆ.

"ಪುಡಿ ಯಾರು ಕೊಡ್ತಿದ್ದಿದ್ದು?"

"ನಾನೇ ಸಾರ್."

"ದಿನಕ್ಕೆ ಎಷ್ಟು?"

"ಮೂರು ಚಮಚ."

"ಒಂದು ಅಂತ ಬರೆದಿದೆಯಲ್ಲ?"

"ಅಜ್ಜಿ ಒಂದಿನ ಅಂದ್ರು, ಹೆತ್ತವಳು ಇದ್ದಿದ್ರೆ ಮಗು ಪಾಠದಲ್ಲಿ ಹೀಗೆ ಹಿಂದೆ ಬೀಳ್ತಿರಲಿಲ್ಲ ಅಂತ. ಪರೀಕ್ಷೆ ಹತ್ರ ಇತ್ತು. ಜ್ಞಾಪಕಶಕ್ತಿಗೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ಲ ಸಾರ್. ಜಾಸ್ತಿ ಕೊಟ್ರೆ ಜಾಸ್ತಿ ಒಳ್ಳೇದು ಅನ್ಕೊಂಡೆ."

ತಪ್ಪೊಪ್ಪಿಗೆಗೆ ಇದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ರೈಟರ್ ತಲೆಯೆತ್ತಿ ಸಾಹೇಬರ ಮುಖ ನೋಡಿದರು. ಇನ್‌ಸ್ಪೆಕ್ಟರ್ ಮಾತ್ರ ಪುಡಿ ಎಲ್ಲಿ ಕೊಂಡದ್ದೆಂದು ಕೇಳಿದರು.

ಮೇಷ್ಟ್ರ ತೋಟದಲ್ಲಿ, ಎಂದಳು ಅವಳು.

ಮೇಷ್ಟ್ರ ತೋಟ ಯಾರಿಗೆ ಗೊತ್ತಿಲ್ಲ. ಊರಿನ ಅಂಚಿನಲ್ಲಿ, ಹಳ್ಳದ ಪಕ್ಕ, ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಬೆಳೆಸಿದ ಔಷಧಿ ಗಿಡಗಳ ತೋಟ. ಠಾಣೆಯ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ನಾಲ್ಕನೆಯ ತಾರೀಕು ಬೆಳಗ್ಗೆ ಒಂಬತ್ತೂವರೆಗೆ ಜೀಪು ಗೇಟಿನಲ್ಲಿ ನಿಂತಾಗ ಮೇಷ್ಟ್ರು ತಾವೇ ಬಂದು ಬಾಗಿಲು ತೆಗೆದರು. ಎಪ್ಪತ್ತರ ಮೇಲಿನ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಗುವಿನ ಸುದ್ದಿ ತಮಗೆ ಸೋಮವಾರವೇ ತಿಳಿಯಿತೆಂದರು. ಮುದುಕಿ ಬೀದಿಯಲ್ಲಿ ನಿಂತು ಕೂಗಿದ್ದು ಯಾರ ಕಿವಿಗೂ ತಪ್ಪಿರಲಿಲ್ಲ.

ತೋಟವೆಲ್ಲ ಸಾಧಾರಣವಾಗಿತ್ತು. ಹಳ್ಳದ ಬದಿಯ ಒಂದೆಲಗದ ಪಾತಿ ಮಾತ್ರ ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿತ್ತು. ಎಲೆಗಳು ಅಂಗೈಯಗಲ, ಒಂದರ ಮೇಲೊಂದು ಹಾಸಿಕೊಂಡು ನೆಲವೇ ಕಾಣುತ್ತಿರಲಿಲ್ಲ. ಅದರ ನಡುವೆ ಬರಿಗಾಲಿನಲ್ಲಿ ಕುಳಿತು ಒಬ್ಬ ವೃದ್ಧೆ ಎಲೆ ಕೀಳುತ್ತಿದ್ದರು. ತಮ್ಮ ಹೆಂಡತಿ ಎಂದರು ಮೇಷ್ಟ್ರು. ಅವಳಿಗೆ ಕಳೆದ ವರ್ಷದಿಂದ ಮರೆವು ಬಹಳ ಹೆಚ್ಚಾಗಿದೆ, ಆದರೆ ಎಲೆ ಕೀಳುವುದು, ಒಣಗಿಸುವುದು, ಚೀಟಿ ಬರೆಯುವುದು ಎಲ್ಲ ಅವಳದೇ, ಬೇರೆಯವರು ಮುಟ್ಟಿದರೆ ಸಿಟ್ಟಾಗುತ್ತಾಳೆ ಎಂದೂ ಹೇಳಿದರು.

ವೃದ್ಧೆ ಖಾಕಿ ಬಟ್ಟೆಯನ್ನು ನೋಡಿ ನಕ್ಕರು. "ಪೋಸ್ಟ್ ಬಂತಾ? ನಮ್ಮ ಮೇಷ್ಟ್ರ ಕೈಗೆ ಕೊಡಿ, ಇಲ್ಲೇ ಇದಾರಲ್ಲ," ಎಂದು ಗಂಡನ ಕಡೆ ಕೈ ತೋರಿಸಿದರು.

ಮೇಷ್ಟ್ರು ಏನನ್ನೂ ಮುಚ್ಚಿಟ್ಟಂತೆ ಕಾಣಲಿಲ್ಲ. ಮಾರಾಟದ ಕಪಾಟನ್ನು ತಾವೇ ತೆರೆದರು. ಸೀಲು ಮಾಡಿದ ಹನ್ನೆರಡು ಪೊಟ್ಟಣಗಳನ್ನು ಪಂಚನಾಮೆ ಬರೆದು ವಶಕ್ಕೆ ತೆಗೆದುಕೊಳ್ಳಲಾಯಿತು. ರೈಟರ್ ಮರದ ಕೆಳಗೆ ಕುಳಿತು, ತೋಟದ ಕೆಲಸಗಾರರದ್ದೂ ಮೊದಲು ಅಲ್ಲಿ ದುಡಿದು ಬಿಟ್ಟು ಹೋದವರದ್ದೂ ಹೇಳಿಕೆ ಪಡೆದರು. ಇನ್‌ಸ್ಪೆಕ್ಟರ್ ಮೇಷ್ಟ್ರ ಜೊತೆಯಲ್ಲೇ ಇದ್ದರು. ಆ ಒಂದು ಗಂಟೆ ರೈಟರ್ ಬಳಿ ಕುಳಿತಿದ್ದರೆ ಆರು ದಿನ ಉಳಿಯುತ್ತಿತ್ತೆಂದು ಅವರು ಆಮೇಲೆ ತಮ್ಮನ್ನೇ ಶಪಿಸಿಕೊಂಡರು.

ಒಂಬತ್ತನೆಯ ತಾರೀಕು, ಸೋಮವಾರ, ಪ್ರಯೋಗಾಲಯದ ವರದಿ ಬಂತು. ಅಕ್ಕಿ, ಉಪ್ಪು, ನೀರು, ಬಣ್ಣ, ಯಾವುದರಲ್ಲೂ ದೋಷವಿಲ್ಲ. ಭರಣಿಯ ಪುಡಿಯಲ್ಲಿ ಸೀಸ ಮಿತಿಗಿಂತ ನಲವತ್ತು ಪಟ್ಟು. ತೋಟದಿಂದ ತಂದ ಹನ್ನೆರಡು ಪೊಟ್ಟಣಗಳೂ ಶುದ್ಧ.

ಅಂದರೆ ವಿಷ ಸೇರಿದ್ದು ತೋಟದಲ್ಲಲ್ಲ, ಅಡುಗೆಕೋಣೆಯಲ್ಲಿ.

ಮೇಲಧಿಕಾರಿ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಮಂಗಳವಾರ ಸಂಜೆ ಐದರೊಳಗೆ ಆ ಹೆಂಗಸಿನ ಬಂಧನ ಆಗಬೇಕು, ಪತ್ರಿಕೆಯವರು ಬಾಗಿಲಲ್ಲಿದ್ದಾರೆ ಎಂದರು. ಆಸ್ಪತ್ರೆಯಲ್ಲಿ ಮಗುವಿಗೆ ಮತ್ತೊಮ್ಮೆ ಫಿಟ್ಸ್ ಬಂದಿತ್ತು. ಎಚ್ಚರವಾದಾಗ ಅದು "ಚಿಕ್ಕಮ್ಮ ಎಲ್ಲಿ" ಎಂದು ಎರಡು ಬಾರಿ ಕೇಳಿತಂತೆ. ಠಾಣೆಗೆ ಬಂದುಹೋದದ್ದು ಬಿಟ್ಟರೆ ಚಿಕ್ಕಮ್ಮ ಏಳು ದಿನದಿಂದ ಮೆಟ್ಟಿಲು ಬಿಟ್ಟು ಎದ್ದಿರಲಿಲ್ಲ.

ಮಂಗಳವಾರ ಬೆಳಗ್ಗೆ ಎಂಟಕ್ಕೇ ಇನ್‌ಸ್ಪೆಕ್ಟರ್ ಕಡತವನ್ನೆಲ್ಲ ಮೇಜಿನ ಮೇಲೆ ಹರಡಿದರು. ಕೊಲ್ಲಬೇಕೆಂದವಳು ಖಾಲಿ ಪೊಟ್ಟಣಗಳನ್ನು ಮಡಚಿ ಇಡುವುದೇಕೆ ಎಂಬ ಪ್ರಶ್ನೆ ಅವರ ತಲೆಯನ್ನು ಕೊರೆಯುತ್ತಿತ್ತು. ಆ ಐದು ಪೊಟ್ಟಣಗಳನ್ನು ಒಂದು ಸಾಲಿನಲ್ಲಿ, ತೋಟದ ಹನ್ನೆರಡನ್ನು ಇನ್ನೊಂದು ಸಾಲಿನಲ್ಲಿ ಜೋಡಿಸಿದರು. ಜೋಡಿಸಿ ಕೈ ತೆಗೆಯುವಷ್ಟರಲ್ಲೇ ವ್ಯತ್ಯಾಸ ಕಣ್ಣಿಗೆ ಬಿತ್ತು.

ಐದರ ಮೇಲಿನ ಬರಹ ವಾಲುತ್ತಿತ್ತು. ಹನ್ನೆರಡರ ಮೇಲಿನ ಬರಹ ಕಪ್ಪುಹಲಗೆಯ ಮೇಲೆ ಬರೆದಷ್ಟು ನೆಟ್ಟಗೆ, ದುಂಡಗೆ ಇತ್ತು.

ಚೀಟಿ ಬರೆಯುವುದು ಹೆಂಡತಿಯೇ ಎಂದು ಮೇಷ್ಟ್ರು ತಮ್ಮ ಬಾಯಿಂದಲೇ ಹೇಳಿದ್ದರು. ಹಾಗಾದರೆ ಈ ಹನ್ನೆರಡನ್ನು ಬರೆದವರು ಯಾರು? ಯಾವ ಅವಸರಕ್ಕೆ?

ಇನ್‌ಸ್ಪೆಕ್ಟರ್ ಹೇಳಿಕೆಗಳನ್ನು ಒಂದೊಂದಾಗಿ ಮತ್ತೆ ಓದಿದರು. ನಾಲ್ಕನೆಯದು, ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟ, ಕಳೆ ಕೀಳುವ ಹೆಂಗಸಿನದು. "ನಾವೆಲ್ಲರೂ ಕ್ಷೇಮವಾಗಿದ್ದೆವು. ತದನಂತರ ಸದರಿ ಮಾಲೀಕರು ನಮ್ಮ ಜೀವನೋಪಾಯಕ್ಕೆ ಧಕ್ಕೆಯುಂಟುಮಾಡಿರುತ್ತಾರೆ. ಆದಕಾರಣ ಕೆಲಸ ತೊರೆದಿರುತ್ತೇನೆ. ಓದಿ ಹೇಳಲಾಗಿ ಸರಿಯಿದೆಯೆಂದು ಒಪ್ಪಿ ಹೆಬ್ಬೆಟ್ಟು ಗುರುತು ಹಾಕಿರುತ್ತೇನೆ."

"ಈಕೆ ತಾನಾಗಿ ಬಿಟ್ಟು ಹೋದೋಳು ಅಂತ ಮೇಷ್ಟ್ರ ಹಾಜರಿ ಪುಸ್ತಕದಲ್ಲಿದೆ. ಜೀವನೋಪಾಯಕ್ಕೆ ಧಕ್ಕೆ ಅಂದ್ರೆ ಏನ್ರೀ? ಈಕೆ ಹೇಳಿದ ಮಾತು ಹೇಗಿತ್ತು, ಹಾಗೇ ಹೇಳಿ."

ರೈಟರ್ ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರೇ ಮಣ್ಣು ಹಾಕಿದ್ರು ಅಂದ್ಲು ಸಾರ್. ಹೊಟ್ಟೆಗೆ ಮಣ್ಣು ಹಾಕೋದು ಅಂದ್ರೆ ಅದೇ ಅರ್ಥ ತಾನೆ? ಕಡತಕ್ಕೆ ಚೆಂದ ಕಾಣಲಿ ಅಂತ..."

"ಹೊಟ್ಟೆಗೆ ಅಂದ್ಲಾ?"

"ಇಲ್ಲ ಸಾರ್. ಬರೀ ಮಣ್ಣು ಅಂದ್ಲು."

ಒಂಬತ್ತೂ ಹತ್ತಕ್ಕೆ ಮಹಿಳಾ ಕಾನ್‌ಸ್ಟೇಬಲ್ ಆ ಹೆಂಗಸನ್ನು ಜೀಪಿನಲ್ಲಿ ಕರೆತಂದಳು. ಆಕೆಗೆ ಹೆದರಿಕೆಗಿಂತ ಬೇಸರವೇ ಹೆಚ್ಚಾಗಿತ್ತು.

"ಹೊಟ್ಟೆಗಲ್ಲ ಸಾರ್, ತೋಟಕ್ಕೆ. ಮಳೆಗೆ ಹಳ್ಳ ಉಕ್ಕಿ ಪಾತಿ ಮಣ್ಣೆಲ್ಲ ಕೊಚ್ಕೊಂಡು ಹೋಯ್ತು. ಮೇಷ್ಟ್ರು ಲಾರಿ ತರಿಸಿ ಮಣ್ಣು ಹಾಕಿದ್ರು, ನಾಲ್ಕು ಲೋಡು. ಬೂದಿ ಬಣ್ಣ, ಹುಳಿ ವಾಸ್ನೆ. ಕೈ ಹಾಕಿದ್ರೆ ಕರೀ ಪ್ಲಾಸ್ಟಿಕ್ ಚೂರು. ಆಮೇಲಿಂದ ನನಗೆ ಹೊಟ್ಟೆ ಹಿಂಡೋಕೆ ಶುರುವಾಯ್ತು, ಬಿಟ್ಬಿಟ್ಟೆ."

"ಇವರು ಓದಿ ಹೇಳಿದಾಗ ಯಾಕಮ್ಮ ಸರಿ ಅಂದೆ?"

"ಅವರು ಓದಿದ್ದು ಯಾರಿಗೆ ತಿಳಿಯುತ್ತೆ ಸಾರ್?" ಎಂದು ಆಕೆ ನಕ್ಕಳು. "ನಾನು ಮಂತ್ರ ಅನ್ಕೊಂಡೆ."

ಕಾನ್‌ಸ್ಟೇಬಲ್ ಕೂಡ ನಕ್ಕಳು. ಇನ್‌ಸ್ಪೆಕ್ಟರ್ ನಗಲಿಲ್ಲ. ನಕ್ಕಾಗ ತೆರೆದ ಆ ಬಾಯಿಯಲ್ಲಿ, ಒಸಡಿನ ಅಂಚಿನುದ್ದಕ್ಕೂ, ಮಾಸಿದ ನೀಲಿಗಪ್ಪು ಗೆರೆಯೊಂದು ಅವರಿಗೆ ಕಂಡಿತ್ತು. ಆಕೆಯನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಮೇಲಧಿಕಾರಿಗೆ ಫೋನು ಮಾಡಿ ಮೂರು ದಿನದ ಗಡುವು ಕೇಳಿದರು. ಮೂರು ದಿನವೆಂದರೆ ಮೂರೇ ದಿನ, ಆಮೇಲೆ ನಿಮ್ಮ ಕುತ್ತಿಗೆ ಎಂಬ ಉತ್ತರ ಬಂತು.

ಅಲ್ಲಿಂದ ಕೆಲಸ ಓಡಿತು. ಲಾರಿಯವನು ಸಿಕ್ಕಿದ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದ, ಮುಚ್ಚಿಹೋದ ಶೆಡ್ಡೊಂದರ ಹಿತ್ತಲಲ್ಲಿ ಗೋದಾಮಿಗೆ ಪಾಯ ತೋಡುತ್ತಿದ್ದರಂತೆ. ಮಣ್ಣನ್ನು ಯಾರಾದರೂ ಕೊಂಡೊಯ್ದರೆ ಸಾಕಾಗಿತ್ತಂತೆ. ಮಧ್ಯಾಹ್ನ ಪ್ರಯೋಗಾಲಯದ ತಜ್ಞನೊಡನೆ ತೋಟಕ್ಕೆ ಹೋಗಿ, ಪಂಚರ ಎದುರು ಪಾತಿಯ ಮಣ್ಣನ್ನು ಅರ್ಧ ಅಡಿ, ಒಂದು ಅಡಿ, ಎರಡು ಅಡಿ ಆಳದಿಂದ ಬೇರೆಬೇರೆಯಾಗಿ ತೆಗೆದರು. ಗಿಡಗಳನ್ನು ಬೇರುಸಹಿತ ಕಿತ್ತು, ಎಲೆಯ ಅರ್ಧವನ್ನು ತೊಳೆದು, ಅರ್ಧವನ್ನು ತೊಳೆಯದೆ ಚೀಲಕ್ಕೆ ಹಾಕಿದರು. ತೊಳೆದ ಎಲೆಯೊಳಗೂ ಸೀಸವಿದ್ದರೆ ಅದನ್ನು ಯಾರೂ ಮೇಲಿಂದ ಉದುರಿಸಿದ್ದಲ್ಲ, ಗಿಡವೇ ಬೇರಿನಿಂದ ಕುಡಿದದ್ದು ಎಂದು ತಜ್ಞ ವಿವರಿಸಿದ. ಗಿಡ ಇಷ್ಟು ಸೊಂಪಾಗಿದೆಯಲ್ಲ ಎಂದು ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ, ಅದೇ ಭಯ ಸಾರ್ ಎಂದ ಅವನು. ಗಿಡಕ್ಕೆ ಏನೂ ಆಗುವುದಿಲ್ಲ. ತನ್ನೊಳಗೆ ಕೂಡಿಟ್ಟುಕೊಂಡು, ತಿಂದವರಿಗೆ ದಾಟಿಸುತ್ತದೆ.

ಮೇಷ್ಟ್ರು ಜಗಲಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಯಾವುದಕ್ಕೂ ಅಡ್ಡಿ ಮಾಡಲಿಲ್ಲ. ಹೆಂಡತಿ ಮಾತ್ರ, ಕಿತ್ತ ಜಾಗದಲ್ಲಿ ಬರಿಗಾಲೂರಿ ನಿಂತು, ಈ ಮಕ್ಕಳಿಗೆ ಗಿಡ ಕೀಳುವುದನ್ನು ಯಾರೂ ಕಲಿಸಿಲ್ಲವೆಂದು ಗೊಣಗುತ್ತಿದ್ದರು.

ಅಂದೇ ಸಂಜೆ ಮೈಕು ಕಟ್ಟಿದ ಜೀಪು ಬೀದಿಬೀದಿ ಸುತ್ತಿ, ಮೇಷ್ಟ್ರ ತೋಟದ ಪುಡಿಯನ್ನು ಯಾರೂ ಬಳಸಬಾರದು, ಇದ್ದರೆ ಠಾಣೆಗೆ ತಂದೊಪ್ಪಿಸಬೇಕು ಎಂದು ಸಾರಿತು. ಮೂರು ದಿನಗಳಲ್ಲಿ ಎಪ್ಪತ್ತನಾಲ್ಕು ಪೊಟ್ಟಣ ಬಂದವು. ಎಲ್ಲದರ ಮೇಲೂ ವಾಲುವ ಅಕ್ಷರ. ಒಂದನ್ನು ತಂದವಳು ತುಂಬು ಗರ್ಭಿಣಿ. ಠಾಣೆಯ ಬೆಂಚಿನಲ್ಲಿ ಕುಳಿತು, ಈಗ ಏನು ಮಾಡಲಿ ಎಂದು ರೈಟರನ್ನು ಕೇಳಿದಳು. ರೈಟರ್ ಪೆನ್ನು ಕೆಳಗಿಟ್ಟು, ಅವಳನ್ನು ಆಸ್ಪತ್ರೆಗೆ ಕಳಿಸಲು ಜೀಪು ಕರೆದರು.

ಹದಿಮೂರನೆಯ ತಾರೀಕು, ಶುಕ್ರವಾರ, ಬೆಳಗ್ಗೆ ಹನ್ನೊಂದಕ್ಕೆ ಎರಡನೆಯ ವರದಿ ಕೈಸೇರಿತು. ಮಣ್ಣು, ಬೇರು, ತೊಳೆದ ಎಲೆ, ಮೂರರಲ್ಲೂ ಸೀಸ. ಹನ್ನೆರಡೂವರೆಗೆ ನ್ಯಾಯಾಲಯದ ಶೋಧನಾ ಆದೇಶದೊಂದಿಗೆ ಇನ್‌ಸ್ಪೆಕ್ಟರ್ ಮೇಷ್ಟ್ರ ಓದುವ ಕೋಣೆಯಲ್ಲಿದ್ದರು. ಗೋಡೆಯುದ್ದಕ್ಕೂ ಒಣಗಿಸಿ ಅಂಟಿಸಿದ ಗಿಡಗಳ ಹಾಳೆಗಳು, ಪ್ರತಿಯೊಂದರ ಕೆಳಗೂ ಹೆಸರು, ತಾರೀಕು. ಕಾನ್‌ಸ್ಟೇಬಲ್ ಒಂದೆಲಗದ ಹಾಳೆಯನ್ನು ಎತ್ತಿದಾಗ ಅದರಡಿಯಿಂದ ಮಡಚಿದ ಕಾಗದವೊಂದು ಜಾರಿ ಬಿತ್ತು. ಖಾಸಗಿ ಪ್ರಯೋಗಾಲಯದ ವರದಿ, ಕಳೆದ ನವೆಂಬರಿನದು. ಎಲೆ ಕಳಿಸಿದವರು ಮೇಷ್ಟ್ರೇ. ಸೀಸದ ಅಂಕಿಯ ಕೆಳಗೆ ಗೆರೆ ಎಳೆದಿದ್ದರು. ಅಂಚಿನಲ್ಲಿ ಪೆನ್ಸಿಲ್ ಲೆಕ್ಕ: "ವಯಸ್ಕರು, ದಿನಕ್ಕೆ ಒಂದೇ ಚಮಚ, ಅಪಾಯ ಕಡಿಮೆ." ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಮಕ್ಕಳ ಲೆಕ್ಕವನ್ನು ಅವರು ಮಾಡಿರಲಿಲ್ಲ.

"ಇದನ್ನ ಸುಟ್ಟು ಹಾಕಬಹುದಿತ್ತಲ್ಲ ಮೇಷ್ಟ್ರೇ?"

"ದಾಖಲೆ ಅಲ್ವಾ," ಎಂದರು ಅವರು. "ದಾಖಲೆ ಸುಡಬಾರದು."

"ನವೆಂಬರಲ್ಲೇ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಕಪಾಟಿನ ಪೊಟ್ಟಣ ಬದಲಾಯಿಸಿದ್ದು ಯಾವಾಗ?"

"ಸೋಮವಾರ. ಮಗು ಸುದ್ದಿ ಕೇಳಿದ ಮೇಲೆ. ಬೇರೆ ಕಡೆಯಿಂದ ಒಣಗಿದ ಎಲೆ ತರಿಸಿ ಪುಡಿ ಮಾಡಿದೆ. ಚೀಟಿ ಬರಿ ಅಂತ ಇವಳನ್ನ ಕೇಳಿದೆ. ನಮ್ಮ ಎಲೆ ಅಲ್ಲ ಇದು ಅಂತ ಬಿಸಾಡಿದ್ಲು."

"ಆ ಮಗುವಿನ ಚಿಕ್ಕಮ್ಮ ಜೈಲಿಗೆ ಹೋಗ್ತಿದ್ಲು. ಅದೂ ಗೊತ್ತಿತ್ತಾ?"

ಒಂದು ಗಂಟೆ ನಲವತ್ತು ನಿಮಿಷಕ್ಕೆ ಅವರನ್ನು ಬಂಧಿಸಲಾಯಿತು. ಕೈಕೋಳ ಹಾಕಲಿಲ್ಲ. ಹೊರಡುವ ಮುನ್ನ ಅವರು ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ಹೋಗಿ ಬರ್ತೀನಿ ಎಂದು ಹೆಂಡತಿಗೆ ಹೇಳಿದರು. ಆಕೆ ಕಣ್ಣು ಕಿರಿದು ಮಾಡಿ ಅವರನ್ನು ನೋಡಿದರು. "ನೀವು ಯಾರಪ್ಪ? ನಮ್ಮವರು ಮನೇಲಿಲ್ಲ," ಎಂದು ಬಾಗಿಲು ಮುಂದೆ ತಳ್ಳಿದರು.

ಜೀಪಿನಲ್ಲಿ ಮೇಷ್ಟ್ರು ಕೇಳದೆಯೇ ಮಾತಾಡಿದರು. ಮನೆಯೊಳಗೆ ಹೆಂಡತಿಗೆ ತಮ್ಮ ಗುರುತು ಹತ್ತದೆ ಒಂದು ವರ್ಷವಾಗುತ್ತ ಬಂದಿದೆ. ಆ ಪಾತಿಯಲ್ಲಿ ಕುಳಿತರೆ ಮಾತ್ರ ಅವಳು ಅವಳಾಗುತ್ತಾಳೆ. ಮದುವೆಯಾದ ವರ್ಷ ಇಬ್ಬರೂ ಕೂಡಿ ಮಾಡಿದ ಮೊದಲ ಪಾತಿ ಅದು. ವರದಿ ಬಂದ ಮೇಲೆ ಒಂದು ವಾರ ಮಾರಾಟ ನಿಲ್ಲಿಸಿ, ಪಾತಿಗೆ ಬೇಲಿ ಹಾಕಿ ನೋಡಿದರಂತೆ.

"ಮೂರನೇ ದಿನ ನನ್ನನ್ನ ಕಳ್ಳ ಅಂತ ಕೂಗಿ ಬೀದಿಗೆ ಹಾಕಿದ್ಲು. ನಾಲ್ಕನೇ ದಿನ ನಾನೇ ಬೇಲಿ ಕಿತ್ತೆ. ಮಾರದೆ ಇಟ್ರೆ, ಯಾಕೆ ಯಾರೂ ಬರ್ತಿಲ್ಲ ಅಂತ ಅಳ್ತಾಳೆ. ದಿನಕ್ಕೆ ಎರಡು ಗಂಟೆ, ಸಾರ್. ಎರಡು ಗಂಟೆ ಹೊತ್ತು ನನಗೆ ಒಬ್ಬಳು ಹೆಂಡತಿ ಇದ್ಲು."

"ಅವರಿಗೂ ಆ ಪುಡಿ ಕೊಡ್ತಿದ್ರಾ?"

"ಮರೆವಿಗೆ ಅದೇ ಮದ್ದು ಅಂತ ಅವಳೇ ತಗೊಳ್ತಿದ್ಲು," ಎಂದ ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು.

ಅಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ತಾವೇ ಆಸ್ಪತ್ರೆಗೆ ಹೋಗಿ ಮೆಟ್ಟಿಲ ಮೇಲಿದ್ದವಳಿಗೆ ವಿಷಯ ತಿಳಿಸಿದರು. ಅವಳ ಮುಖದಲ್ಲಿ ನಿರಾಳ ಕಾಣಲಿಲ್ಲ. "ಒಂದು ಅಂತ ಬರೆದಿತ್ತು, ನಾನು ಮೂರು ಕೊಟ್ಟೆ," ಎಂದಷ್ಟೇ ಹೇಳಿದಳು. ಆಗ ವಾರ್ಡಿನಿಂದ ಹೊರಬಂದ ಮುದುಕಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕಷ್ಟಪಟ್ಟು ಕುಳಿತಳು. ಅವಳ ಮುಖ ನೋಡದೆ, "ಎದ್ದು ಒಳಗೆ ಹೋಗು. ನನ್ನ ಕೈಲಿ ಅದು ಊಟ ಮಾಡಲ್ಲ," ಎಂದಳು. ಮಗುವಿನ ರಕ್ತದ ಅಂಕಿ ಇಳಿಯುತ್ತಿತ್ತು. ಮಿದುಳಿಗೆ ಆದ ಪೆಟ್ಟು ಎಷ್ಟು ಉಳಿಯುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ.

ಮೇಷ್ಟ್ರ ಹೆಂಡತಿಯನ್ನು ಅದೇ ಆಸ್ಪತ್ರೆಯ ಕೆಳಗಿನ ವಾರ್ಡಿಗೆ ಸೇರಿಸಿದರು. ಆಕೆಯ ರಕ್ತದಲ್ಲಿ ಸೀಸದ ಅಂಶ ತೊಂಬತ್ತೊಂದು. ಸೀಸಕ್ಕೆ ಔಷಧಿ ಕೊಡುತ್ತೇವೆ, ಈ ಮರೆವಿನಲ್ಲಿ ವಯಸ್ಸಿನ ಪಾಲೆಷ್ಟು ಮಣ್ಣಿನ ಪಾಲೆಷ್ಟು ಎಂದು ಈಗಲೇ ಹೇಳಲಾಗದು ಎಂದರು ವೈದ್ಯೆ.

ಏಪ್ರಿಲ್ ಎರಡು, ಗುರುವಾರ, ಮಧ್ಯಾಹ್ನ ಮೂರು ಗಂಟೆ ಐದು ನಿಮಿಷಕ್ಕೆ ವಾರ್ಡಿನಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಠಾಣೆಗೆ ಫೋನು ಮಾಡಿದಳು. ವೃದ್ಧೆ ಮಲಗಿದ್ದಲ್ಲಿಂದ ಎದ್ದು ಕುಳಿತಿದ್ದಾರೆ. ಅಲ್ಲಿ ಪಾತಿಯಿಲ್ಲ, ಎಲೆಯಿಲ್ಲ, ಬಿಳಿ ಗೋಡೆ ಮಾತ್ರ. ಬಾಗಿಲ ಕಡೆ ನೋಡುತ್ತ, ಅಷ್ಟು ದಿನವೂ ಕೇಳದ ಒಂದು ಮಾತನ್ನು ಬೆಳಗಿನಿಂದ ಕೇಳುತ್ತಿದ್ದಾರೆ.

"ಮೇಷ್ಟ್ರು ಎಲ್ಲಿ ಅಂತಾರೆ ಸಾರ್. ಹೊತ್ತಾಯ್ತು, ಊಟಕ್ಕೆ ಬರಲಿಲ್ಲ ಅಂತಾರೆ. ಏನು ಹೇಳಲಿ?"

ಅಂದು ಮೇಷ್ಟ್ರ ನ್ಯಾಯಾಂಗ ಬಂಧನದ ಇಪ್ಪತ್ತನೆಯ ದಿನ. ಇನ್‌ಸ್ಪೆಕ್ಟರ್ ರಿಸೀವರನ್ನು ಕಿವಿಗೊತ್ತಿಕೊಂಡೇ ಕುಳಿತರು. ಅತ್ತ ಕಡೆಯಿಂದ, ಕಾನ್‌ಸ್ಟೇಬಲ್‌ಳ ಉಸಿರಿನ ಹಿಂದೆ, ಮುದಿ ದನಿಯೊಂದು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿತು.